ಹುಳುಮನೆಯ ತೇವ, ಹುಳುಮನೆಯ ಗಾಳಿ



ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಧರ್ಮಕೇಂದ್ರದ ಹೆಣ್ಣುಮಗಳೊಬ್ಬಳು ಕಳೆದ ವರ್ಷ ಈಸ್ಟರ್ ಹಬ್ಬಕ್ಕೆ ಊರಿಗೆ ಬರುವಾಗ ತಾಯಿಗೆಂದು ಒಂದು ವಿಚಿತ್ರ ಗಿಡ ತಂದಿದ್ದಳು. ಅದಕ್ಕೆ ಮಣ್ಣೂ ಇಲ್ಲ, ಕುಂಡವೂ ಇಲ್ಲ. ಒಂದು ತಂತಿಯಲ್ಲಿ ನೇತುಹಾಕಿದ ಬೂದು ಬಣ್ಣದ ಎಲೆಗಳ ಗೊಂಚಲು, ಅಷ್ಟೇ. "ಇದು ಗಾಳಿ ಗಿಡ, ಗಾಳಿಯಲ್ಲೇ ಬದುಕುತ್ತದೆ" ಎಂದು ಅಂಗಡಿಯವರು ಹೇಳಿದ್ದರಂತೆ. ತಾಯಿ ಅದನ್ನು ಜಗಲಿಯ ತಗಡಿನ ಕೆಳಗೆ ತೂಗುಹಾಕಿದರು. ಏಪ್ರಿಲ್ ತಿಂಗಳ ಮಡಕಶಿರದ ಗಾಳಿಯನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಇಪ್ಪತ್ತು ದಿನಗಳಲ್ಲಿ ಎಲೆಗಳು ಸುರುಳಿ ಸುತ್ತಿ ತುದಿ ಕಂದಾದವು. ಮಗಳು ತಂದ ಗಿಡ ಸಾಯಬಾರದೆಂದು ತಾಯಿ ಅದನ್ನು ರೇಷ್ಮೆ ಹುಳುಮನೆಯೊಳಕ್ಕೆ ಸಾಗಿಸಿದರು. ಅಲ್ಲಿ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿತ್ತು. ಗಿಡ ಚೇತರಿಸಿಕೊಂಡಿತು, ಹಸಿರಾಯಿತು. ಆದರೆ ಅಕ್ಟೋಬರ್ ತಿಂಗಳಲ್ಲಿ ಒಂದು ದಿನ ಆಕೆ ಅದನ್ನು ಮುಟ್ಟಿದರೆ ನಡುವಿನ ಎಲೆಗಳು ಕೈಗೇ ಕಿತ್ತು ಬಂದವು. ಬುಡ ಕೊಳೆತು ನಾರುತ್ತಿತ್ತು.

ಅದೇ ವಾರ ಅದೇ ಮನೆಯಲ್ಲಿ ನೂರೈವತ್ತು ಮೊಟ್ಟೆಯ ಹುಳು ಸುಣ್ಣಕಟ್ಟು ರೋಗದಿಂದ ಸತ್ತಿತು. ಗಿಡ ಹೋದದ್ದಕ್ಕೂ ಹುಳು ಹೋದದ್ದಕ್ಕೂ ಕಾರಣ ಒಂದೇ. ಆ ಕಾರಣದಲ್ಲಿ ನಮ್ಮ ಪಾಲೂ ಇದೆ. ಆದ್ದರಿಂದಲೇ ಈ ತಿಂಗಳ ಅಂಕಣವನ್ನು ಇದಕ್ಕೆ ಮೀಸಲಿಟ್ಟಿದ್ದೇವೆ.

ಮೊದಲು ಗಿಡದ ವಿಷಯ. ಇದರ ಹೆಸರು ಟಿಲಾಂಡ್ಸಿಯ, ನಮ್ಮ ಅನಾನಸ್ಸಿನ ಕುಟುಂಬಕ್ಕೆ ಸೇರಿದ್ದು. ಇದರ ತವರು ಅಮೆರಿಕ ಖಂಡಗಳು. ಮರದ ಕೊಂಬೆ, ಬಂಡೆಗಳ ಮೇಲೆ ಅಂಟಿಕೊಂಡು ಬೆಳೆಯುತ್ತದೆ. ನಮ್ಮ ಹೊಂಗೆ ಮರ, ಮಾವಿನ ಮರಗಳ ಮೇಲಿನ ಬಂದಳಿಕೆಯಂತೆ ಇದು ಮರದ ರಸ ಹೀರುವುದಿಲ್ಲ. ಮಲೆನಾಡಿನ ಸೀತಾಳೆ ದಂಡೆಯಂತೆ ಕೂರಲು ಜಾಗ ಮಾತ್ರ ಕೇಳುತ್ತದೆ. ಎಲೆಯ ಮೇಲಿನ ಬೂದು ಹುರುಪೆಗಳೇ ಇದರ ಬಾಯಿ. ಮಂಜು, ಮಳೆಹನಿಗಳ ನೀರನ್ನು ಅವೇ ಹೀರುತ್ತವೆ. ಹಗಲಿನ ಬಿಸಿಲಿನಲ್ಲಿ ನೀರು ಆರಿಹೋಗದಂತೆ ಇದು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಆದಕಾರಣ ರಾತ್ರಿ ಹೊತ್ತು ಅದರ ಮೈ ಒದ್ದೆಯಾಗಿರಬಾರದು. ವಾರಕ್ಕೊಮ್ಮೆ ಬೆಳಗಿನ ಹೊತ್ತು ಮಳೆನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ತಲೆಕೆಳಗಾಗಿ ಕೊಡವಿ, ನಾಲ್ಕು ಗಂಟೆಯೊಳಗೆ ಒಣಗುವಂತೆ ಗಾಳಿಯಾಡುವ ಕಡೆ ಇಟ್ಟರೆ ಅದು ಬದುಕುತ್ತದೆ. ನಮ್ಮ ಕೊಳವೆಬಾವಿಯ ಗಡಸು ನೀರು ಬೇಡ, ಹುರುಪೆಗಳ ಮೇಲೆ ಉಪ್ಪು ಕಟ್ಟುತ್ತದೆ. ತಾಮ್ರದ ತಂತಿಯಿಂದಲೂ ಕಟ್ಟಬಾರದು, ತಾಮ್ರ ಅದಕ್ಕೆ ವಿಷ. ಜಗಲಿಯಲ್ಲಿ ಅದಕ್ಕೆ ತೇವ ಸಿಗಲಿಲ್ಲ. ಹುಳುಮನೆಯಲ್ಲಿ ತೇವ ಸಿಕ್ಕಿತು, ಆದರೆ ಒಣಗಲು ಗಾಳಿ ಸಿಗಲಿಲ್ಲ. ಗಿಡದ ಪಾಠ ಇಷ್ಟೇ. ಹುಳುವಿನ ಪಾಠ ಇದಕ್ಕಿಂತ ದೊಡ್ಡದು.

ಕಳೆದ ಬೇಸಿಗೆಯಲ್ಲಿ ಆ ಕುಟುಂಬದವರು ನಮ್ಮ ಬಳಿ ಬಂದು, "ಸ್ವಾಮೀ, ಸೊಪ್ಪು ಹಾಕಿದ ಗಂಟೆಯೊಳಗೆ ಬಾಡುತ್ತದೆ, ಹುಳು ತಿನ್ನುವುದಿಲ್ಲ" ಎಂದು ಹೇಳಿಕೊಂಡಿದ್ದರು. ನಾವು ಓದಿ ತಿಳಿದಿದ್ದನ್ನು ಹೇಳಿದೆವು: ಕಿಟಕಿ ಬಾಗಿಲುಗಳಿಗೆ ಗೋಣಿ ಕಟ್ಟಿ ನೆನೆಸಿ, ನೆಲಕ್ಕೆ ಮರಳು ಹಾಸಿ ನೀರು ಚಿಮುಕಿಸಿ, ಬಿಸಿಗಾಳಿ ಒಳಬಾರದಂತೆ ಮಧ್ಯಾಹ್ನ ಮುಚ್ಚಿಡಿ. ಅವರು ಹಾಗೆಯೇ ಮಾಡಿದರು, ಬೆಳೆ ಚೆನ್ನಾಗಿ ಬಂತು. ಗೂಡು ಮಾರಿದ ದಿನ ಒಂದು ಹಲಸಿನ ಹಣ್ಣು ನಮ್ಮ ಮನೆಗೂ ಬಂತು. ಆದರೆ ಗೋಣಿಯನ್ನು ಯಾವಾಗ ಬಿಚ್ಚಬೇಕೆಂದು ನಾವು ಹೇಳಲಿಲ್ಲ, ಅವರೂ ಕೇಳಲಿಲ್ಲ. ಸೆಪ್ಟೆಂಬರಿನಲ್ಲಿ ಮಳೆ ಹಿಡಿಯಿತು. ಬೇಸಿಗೆಯಲ್ಲಿ ಬೆಳೆ ಉಳಿಸಿದ ಗೋಣಿ ಹಾಗೆಯೇ ಇತ್ತು, ದಿನಕ್ಕೆ ಮೂರು ಸಲ ನೆನೆಯುತ್ತಲೂ ಇತ್ತು. ನಾಲ್ಕನೆಯ ಜ್ವರ ಎದ್ದು ಐದನೆಯ ಹಂತದ ನಾಲ್ಕನೆಯ ದಿನ, ಅಂದರೆ ಸೊಪ್ಪಿನ ಖರ್ಚೆಲ್ಲ ಆಗಿ ಇನ್ನು ಗೂಡಷ್ಟೇ ಬಾಕಿ ಎನ್ನುವಾಗ, ಹುಳುಗಳು ಮೆತ್ತಗಾಗಿ ಬಿದ್ದವು, ಮರುದಿನ ಬಿರುಸಾದವು, ಅದರ ಮರುದಿನ ಸೀಮೆಸುಣ್ಣದ ತುಂಡುಗಳಂತೆ ಬೆಳ್ಳಗಾದವು. ನೋಡಲು ಬಂದ ರೇಷ್ಮೆ ಇಲಾಖೆಯ ನೌಕರರು ಗೋಣಿಯನ್ನು ಮುಟ್ಟಿ ನೋಡಿ, "ಮಳೆಯಲ್ಲಿ ಇದನ್ನು ನೆನೆಸಲು ಯಾರು ಹೇಳಿದರು?" ಎಂದು ಕೇಳಿದರು. ಮನೆಯವರು ಮಾತನಾಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ನಾವೇ ಉತ್ತರ ಹೇಳಬೇಕಾಯಿತು. ಆ ಬೆಳೆಯ ಹಣದಲ್ಲಿ ಕಿರಿಯ ಮಗನ ಐ.ಟಿ.ಐ. ಶುಲ್ಕ ಕಟ್ಟಬೇಕಿತ್ತು. ಅದು ಸಾಲದಲ್ಲಿ ಕಟ್ಟಿದ್ದಾಯಿತು.

ನಮ್ಮ ತಪ್ಪು ಎಲ್ಲಿತ್ತೆಂದು ಆಮೇಲೆ ಕೂತು ಲೆಕ್ಕ ಹಾಕಿದೆವು. ಗಾಳಿಯಲ್ಲಿ ನೀರಿನ ಆವಿ ಇರುತ್ತದೆ. ಬಿಸಿ ಹೆಚ್ಚಿದಂತೆ ಗಾಳಿ ಹೆಚ್ಚು ಆವಿಯನ್ನು ಹಿಡಿದುಕೊಳ್ಳಬಲ್ಲದು. 20 ಡಿಗ್ರಿ ಸೆಂಟಿಗ್ರೇಡಿನ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರನ್ನು ಹಿಡಿದರೆ, 38 ಡಿಗ್ರಿಯ ಗಾಳಿ ಸುಮಾರು 46 ಗ್ರಾಂ ಹಿಡಿಯುತ್ತದೆ. ಹಿಡಿಯಬಲ್ಲ ಪ್ರಮಾಣದಲ್ಲಿ ಎಷ್ಟು ಪಾಲು ನಿಜವಾಗಿ ತುಂಬಿದೆ ಎಂಬುದನ್ನೇ ನಾವು ಶೇಕಡಾ ಲೆಕ್ಕದಲ್ಲಿ ತೇವಾಂಶ ಎನ್ನುತ್ತೇವೆ. ಮುಂಜಾನೆ 20 ಡಿಗ್ರಿಯಲ್ಲಿ ಶೇ. 80 ತೇವಾಂಶವಿದ್ದ ಗಾಳಿಯೇ ಮಧ್ಯಾಹ್ನ 38 ಡಿಗ್ರಿಗೆ ಕಾದರೆ, ಒಂದು ಹನಿ ನೀರೂ ಕಡಿಮೆಯಾಗದೆ, ಶೇ. 30ಕ್ಕೆ ಇಳಿಯುತ್ತದೆ. ಹಾಗಾಗಿ ಬೇಸಿಗೆಯ ಮಧ್ಯಾಹ್ನ ಸೊಪ್ಪು ಬಾಡಲು ಮೂಲ ಕಾರಣ ಬಿಸಿ. ಮನೆಯನ್ನು ತಂಪು ಮಾಡಿದರೆ ತೇವಾಂಶ ತಾನಾಗಿ ಏರುತ್ತದೆ. ಒಣಗಾಳಿಯಲ್ಲಿ ಒದ್ದೆ ಗೋಣಿ ಎರಡು ಕೆಲಸ ಮಾಡುತ್ತದೆ: ಅದರ ನೀರು ಆರುವಾಗ ಗಾಳಿ ತಂಪಾಗುತ್ತದೆ, ತೇವವೂ ಆಗುತ್ತದೆ. ಮಳೆಗಾಲದ ಗಾಳಿ ಆಗಲೇ ತುಂಬಿರುವುದರಿಂದ ಗೋಣಿಯ ನೀರು ಆರುವುದಿಲ್ಲ. ತಂಪೂ ಆಗದು, ಮನೆಯೊಳಗೆ ಹಸಿ ಮಾತ್ರ ಉಳಿಯುತ್ತದೆ. ಹೈಸ್ಕೂಲಿನ ಪುಸ್ತಕದಲ್ಲಿ ಓದಿದ ಪಾಠ ಇದು. ಉಪದೇಶ ಕೊಡುವಾಗ ಮಾತ್ರ ನೆನಪಿಗೆ ಬರಲಿಲ್ಲ.

ನಮ್ಮ ಸೀಮೆಯಲ್ಲಿ ಇದು ಇನ್ನೂ ಕಷ್ಟ. 2022ರ ಏಪ್ರಿಲ್‌ನಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಮೋಡಗಳಿಗೆ ಆ ಗಡಿ ಗೊತ್ತಿಲ್ಲ. ಹಳೆಯ ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರ್ ಆಸುಪಾಸು. ಅದರ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲೇ ಬೀಳುತ್ತದೆ. ಹತ್ತು ತಿಂಗಳು ಒಣಹವೆಗೆ ಒಗ್ಗಿದ ನಮ್ಮ ಕೈಗಳು ಆ ಎರಡು ತಿಂಗಳೂ ಅದೇ ಅಭ್ಯಾಸವನ್ನು ಮುಂದುವರಿಸುತ್ತವೆ. ಹಿರಿಯರ ಕಾಲದ ಹಳದಿ ಗೂಡಿನ ಮೈಸೂರು ತಳಿ ಇದನ್ನು ಒಂದಿಷ್ಟು ತಡೆದುಕೊಳ್ಳುತ್ತಿತ್ತು. ಈಗ ಬಿಳಿ ಗೂಡಿನ ದ್ವಿತಳಿ ಹೆಚ್ಚು. ಇಳುವರಿ ಹೆಚ್ಚು, ಸಹನೆ ಕಡಿಮೆ. ಮೇಲಾಗಿ ಆಗಿನ ಮಣ್ಣಿನ ಗೋಡೆ ಹಸಿ ಹೆಚ್ಚಾದಾಗ ಹೀರಿಕೊಂಡು, ಒಣಗಿದಾಗ ಬಿಟ್ಟುಕೊಡುತ್ತಿತ್ತು. ಸಿಮೆಂಟಿನ ಗೋಡೆ, ಕಲ್ನಾರು ಶೀಟುಗಳಿಗೆ ಆ ಗುಣವಿಲ್ಲ. ಮಣ್ಣಿನ ಹುಳುಮನೆ ಇನ್ನೂ ಇರುವವರು ಅದನ್ನು ಕೆಡವಲು ಅವಸರ ಮಾಡಬೇಡಿರಿ.

ಈಗ ಹುಳುವಿಗೆ ಏನು ಬೇಕು ನೋಡೋಣ. ಹುಳು ನೀರು ಕುಡಿಯುವುದಿಲ್ಲ. ಅದಕ್ಕೆ ಬೇಕಾದ ನೀರೆಲ್ಲ ಹಿಪ್ಪುನೇರಳೆ ಸೊಪ್ಪಿನಲ್ಲೇ ಇರಬೇಕು. ಎಳೆಯ ಹುಳುವಿನ ಬಾಯಿ ಸಣ್ಣದು, ಸೊಪ್ಪು ಹೆಚ್ಚು ಹೊತ್ತು ಹಸಿಯಾಗಿರಬೇಕು. ಆದ್ದರಿಂದ ಚಾಕಿ ಹಂತದಲ್ಲಿ 27–28 ಡಿಗ್ರಿ ಶಾಖ, ಶೇ. 85ರಿಂದ 90 ತೇವಾಂಶ. ಈಗ ನಮ್ಮಲ್ಲಿ ಬಹುಮಂದಿ ಚಾಕಿ ಕೇಂದ್ರದಿಂದ ಎರಡು ಜ್ವರ ಕಳೆದ ಹುಳುವನ್ನೇ ತರುವುದರಿಂದ ಈ ಭಾಗ ನಿಮ್ಮ ಪಾಲಿಗೆ ಬರುವುದಿಲ್ಲ. ತರುವುದನ್ನು ಮಾತ್ರ ತಣ್ಣನೆಯ ಹೊತ್ತಿನಲ್ಲಿ ತನ್ನಿರಿ. ಮೂರನೆಯ ಹಂತಕ್ಕೆ 26 ಡಿಗ್ರಿ, ಶೇ. 80. ನಾಲ್ಕಕ್ಕೆ 25 ಡಿಗ್ರಿ, ಶೇ. 70–75. ಐದಕ್ಕೆ 24 ಡಿಗ್ರಿ, ಶೇ. 65–70. ಹುಳು ಬೆಳೆದಂತೆ ಬಿಸಿಯೂ ತೇವವೂ ಇಳಿಯುತ್ತಾ ಹೋಗಬೇಕು. ಗಾಳಿ ಹೆಚ್ಚುತ್ತಾ ಹೋಗಬೇಕು. ಚಾಕಿಯಲ್ಲಿ ಒಳ್ಳೆಯದಾಗಿದ್ದ ತೇವವೇ ಐದನೆಯ ಹಂತದಲ್ಲಿ ಹುಳುವನ್ನು ಕೊಲ್ಲುತ್ತದೆ.

ಜ್ವರದ ದಿನಗಳಿಗೆ ಬೇರೆ ಲೆಕ್ಕ. ಹುಳು ತಲೆಯೆತ್ತಿ ಅಲುಗಾಡದೆ ಕೂತಾಗ ಹಾಸಿಗೆ ಒಣಗಿರಬೇಕು, ತೇವಾಂಶ ಶೇ. 70ರ ಆಸುಪಾಸಿಗೆ ಇಳಿಯಬೇಕು. ಹಳೆಯ ಚರ್ಮ ಸರಿಯಾಗಿ ಬಿಚ್ಚಲು ಇದು ಅವಶ್ಯ. ಬಹುಪಾಲು ಹುಳು ಕೂತ ಕೂಡಲೇ ಸೊಪ್ಪು ನಿಲ್ಲಿಸಿ, ಅರಳಿದ ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿದರೆ ಉಳಿದ ಸೊಪ್ಪಿನ ಹಸಿಯನ್ನು ಅದು ಹೀರುತ್ತದೆ. ಕೆಲವು ತಾಯಂದಿರು "ಜ್ವರ ಬಂದಿದೆ ಪಾಪ" ಎಂದು ಆ ಹೊತ್ತಿಗೇ ಹೆಚ್ಚಾಗಿ ನೀರು ಚಿಮುಕಿಸುವುದನ್ನು ಕಂಡಿದ್ದೇವೆ. ಹೆಸರು ಜ್ವರವಾದರೂ ಇದು ಕಾಯಿಲೆಯಲ್ಲ, ಹುಳು ಬೆಳೆಯುವ ಬಗೆ. ಒದ್ದೆಬಟ್ಟೆ ಹಾಕುವ ಜ್ವರ ಅಲ್ಲ.

ಐದನೆಯ ಹಂತದಲ್ಲಿ ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚನ್ನು ತಿನ್ನುತ್ತದೆ. ಅಷ್ಟು ಸೊಪ್ಪಿನ ನೀರು ಎಲ್ಲಿಗೆ ಹೋಗುತ್ತದೆ? ಹುಳುವಿನ ಉಸಿರು, ಹಿಕ್ಕೆ, ಉಳಿದ ರೆಂಬೆಗಳಿಂದ ಮತ್ತೆ ಮನೆಯ ಗಾಳಿಗೇ ಬರುತ್ತದೆ. ನೂರು ಮೊಟ್ಟೆ ಎಂದರೆ ನಲವತ್ತು ಐವತ್ತು ಸಾವಿರ ಹುಳು. ಅವುಗಳ ನಡುವೆ ನಿಂತರೆ ಮಳೆ ಬಿದ್ದಂಥ ಸದ್ದು ಕೇಳುವುದು ನಿಮಗೆ ಗೊತ್ತೇ ಇದೆ. ಅಲ್ಲಿ ನಿಜಕ್ಕೂ ಒಂದು ಮಳೆಯಷ್ಟು ನೀರು ಹಾಸಿಗೆಯಿಂದ ಮೇಲೇಳುತ್ತಿರುತ್ತದೆ. ಆ ಹಸಿ ಗವಾಕ್ಷಿಯಿಂದ ಹೊರಹೋಗಲೇಬೇಕು. ಇಲ್ಲೊಂದು ಇಕ್ಕಟ್ಟಿದೆ. ಊಜಿ ನೊಣ 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದಂದಿನಿಂದ ನಾವು ಕಿಟಕಿಗಳಿಗೆಲ್ಲ ನೈಲಾನ್ ಪರದೆ ಕಟ್ಟುತ್ತಿದ್ದೇವೆ. ಕಟ್ಟಬೇಕಾದದ್ದೇ. ಆದರೆ ಆ ಪರದೆಯ ಕಣ್ಣುಗಳು ದೂಳು, ಜೇಡರಬಲೆಗಳಿಂದ ಮುಚ್ಚಿ ಗೋಡೆಯಂತಾಗಿರುವುದನ್ನು ಹತ್ತರಲ್ಲಿ ಆರು ಮನೆಗಳಲ್ಲಾದರೂ ನಾವು ನೋಡಿದ್ದೇವೆ. ಪ್ರತಿ ಬೆಳೆಯ ಕೊನೆಗೆ ಪರದೆ ಬಿಚ್ಚಿ ಒಗೆಯಿರಿ. ಬಿಸಿಗಾಳಿ ಮೇಲಿಂದ ಹೋಗಲು ಮಾಡಿನ ಹತ್ತಿರ, ತಂಪುಗಾಳಿ ಬರಲು ನೆಲದ ಹತ್ತಿರ, ಎರಡೂ ಕಡೆ ಗವಾಕ್ಷಿಗಳಿದ್ದರೆ ಫ್ಯಾನಿನ ಅಗತ್ಯ ಅರ್ಧ ತಗ್ಗುತ್ತದೆ. ಹೊಸದಾಗಿ ಕಟ್ಟುವವರು ಮನೆಯ ಉದ್ದ ಪೂರ್ವ–ಪಶ್ಚಿಮವಾಗಿರಲಿ. ಉದ್ದದ ಗೋಡೆಗೆ ಬಿಸಿಲು ಕಡಿಮೆ ಬೀಳುತ್ತದೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸುವುದು, ಸುಣ್ಣ ಬಳಿಯುವುದು ಅಗ್ಗದ ಉಪಾಯಗಳು.

ಹುಳು ಹಣ್ಣಾಗಿ ಚಂದ್ರಿಕೆ ಏರಿದ ಮೇಲೆ "ಇನ್ನು ನಮ್ಮ ಕೆಲಸ ಮುಗಿಯಿತು" ಎಂದುಕೊಳ್ಳುವುದು ವಾಡಿಕೆ. ನೂಲಿನ ಗುಣ ನಿರ್ಧಾರವಾಗುವುದು ಆ ಮೂರು ದಿನಗಳಲ್ಲೇ. ಗೂಡು ಕಟ್ಟುವ ಮೊದಲು ಪ್ರತಿ ಹುಳುವೂ ಮೂತ್ರ ಬಿಡುತ್ತದೆ. ಅಂಟು ನೂಲು ಒಣಗುವಾಗಲೂ ಹಸಿ ಬಿಡುತ್ತದೆ. 24–25 ಡಿಗ್ರಿ, ಶೇ. 60–65 ತೇವಾಂಶ, ಚೆನ್ನಾದ ಗಾಳಿ ಬೇಕು. ಹಸಿ ನಿಂತರೆ ಎಳೆಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡು, ಬಿಚ್ಚುವಾಗ ಪದೇ ಪದೇ ಕಡಿಯುತ್ತವೆ. ಹಿಂದೂಪುರದಲ್ಲಾಗಲಿ ರಾಮನಗರದಲ್ಲಾಗಲಿ ರೀಲರುಗಳು ಗೂಡನ್ನು ಕೈಯಲ್ಲಿ ಅಲುಗಾಡಿಸಿ ಬೆಲೆ ಇಳಿಸಿದಾಗ ನಾವು ಅವರನ್ನು ಬೈಯುತ್ತೇವೆ. ಕೆಲವು ಸಲ ಬೈಗುಳಕ್ಕೆ ಅವರು ಅರ್ಹರೂ ಹೌದು. ಆದರೆ ಚಂದ್ರಿಕೆಗಳನ್ನು ಮುಚ್ಚಿದ ಕೋಣೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದವರು ನಾವೇ. ಚದರ ಅಡಿಗೆ ನಲವತ್ತು ಐವತ್ತು ಹುಳು ಸಾಕು. ಬಿಸಿಲೂ ಮಳೆಯೂ ತಾಗದ ತೆರೆದ ಜಗಲಿ ಇದಕ್ಕೆ ಒಳ್ಳೆಯ ಜಾಗ.

ತೇವ ಎಷ್ಟಿದೆ ಎಂದು ತಿಳಿಯುವುದು ಹೇಗೆ? ಮೈಯ ಅಂದಾಜು ನಂಬತಕ್ಕದ್ದಲ್ಲ. ನಮ್ಮ ಅಂದಾಜಿನ ಫಲ ಮೇಲೆ ಹೇಳಿದ್ದೇವೆ. ಒಣ ಬಲ್ಬ್ ಮತ್ತು ಒದ್ದೆ ಬಲ್ಬಿನ ಜೋಡಿ ಥರ್ಮಾಮೀಟರ್ ಹೆಚ್ಚಿನ ಬೆಲೆಯದಲ್ಲ. ಒಂದರ ಬಲ್ಬಿಗೆ ಹತ್ತಿಬಟ್ಟೆಯ ಬತ್ತಿ ಸುತ್ತಿ ಅದರ ತುದಿಯನ್ನು ನೀರಿನಲ್ಲಿ ಇಟ್ಟಿರುತ್ತಾರೆ. ಗಾಳಿ ಒಣಗಿದ್ದಷ್ಟೂ ಆ ಬಲ್ಬ್ ತಣ್ಣಗಾಗಿ, ಎರಡರ ನಡುವಿನ ಅಂತರ ಹೆಚ್ಚುತ್ತದೆ. ಒಣದು 28, ಒದ್ದೆಯದು 26 ತೋರಿಸಿದರೆ ತೇವಾಂಶ ಸುಮಾರು ಶೇ. 85. ಒಣದು 25, ಒದ್ದೆಯದು 21 ಎಂದರೆ ಶೇ. 70. ಒಣದು 34, ಒದ್ದೆಯದು 22 ಆದರೆ ಶೇ. 35, ಗೋಣಿ ನೆನೆಸುವ ಹೊತ್ತು ಅದು. ಎರಡರ ನಡುವೆ ಒಂದೇ ಡಿಗ್ರಿ ಅಂತರ ಉಳಿದಿದ್ದರೆ, ಗೋಣಿ ಬಿಚ್ಚಿ ಹೊರಗೆಸೆಯಿರಿ. ಬತ್ತಿಗೆ ಮಳೆನೀರೇ ಹಾಕಿರಿ. ಕೊಳವೆಬಾವಿಯ ನೀರು ಹಾಕಿದರೆ ಬತ್ತಿ ಉಪ್ಪುಗಟ್ಟಿ ಗಡಸಾಗುತ್ತದೆ, ನೀರೇರುವುದಿಲ್ಲ, ಉಪಕರಣ ಸುಳ್ಳು ಹೇಳತೊಡಗುತ್ತದೆ.

ಸುಣ್ಣಕಟ್ಟಿನ ಬಗ್ಗೆ ಒಂದು ಮಾತು. ಇದು ಬೂಷ್ಟಿನ ರೋಗ. ಇಟಲಿಯ ಅಗೊಸ್ಟಿನೊ ಬಾಸ್ಸಿ ಎಂಬವರು 1835ರಲ್ಲಿ ಇದನ್ನು ತೋರಿಸಿಕೊಟ್ಟರು. ಕಣ್ಣಿಗೆ ಕಾಣದ ಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆಂದು ಮೊದಲು ತಿಳಿದದ್ದೇ ಈ ರೇಷ್ಮೆ ಹುಳುವಿನಿಂದ. ಲೂಯಿ ಪಾಶ್ಚರ್ ಫ್ರಾನ್ಸಿನಲ್ಲಿ ಹುಳುವಿನ ರೋಗಗಳನ್ನು ಪರಿಶೀಲಿಸತೊಡಗಿದ್ದು ಅದಕ್ಕೆ ಮೂವತ್ತು ವರ್ಷಗಳ ನಂತರ. ಈ ಬೂಷ್ಟಿಗೆ 24–25 ಡಿಗ್ರಿಯ ತಂಪು, ಶೇ. 90ರ ಮೇಲಿನ ತೇವ ಬಹಳ ಇಷ್ಟ. ಸತ್ತ ಹುಳು ಬಿಳಿಯಾಗುವ ಮೊದಲೇ ಕಡ್ಡಿಯಿಂದ ಆಯ್ದು ಸುಡಬೇಕು. ಬಿಳಿಯಾದ ಮೇಲೆ ಅದರ ಪುಡಿ ಗಾಳಿಯಲ್ಲಿ ಹಾರಿ ಮುಂದಿನ ಬೆಳೆಗೂ ಕಾದು ಕೂರುತ್ತದೆ. ಮನೆಯ ಹಿಂದಿನ ತಿಪ್ಪೆಗೆ ಎಸೆದರೆ ರೋಗಕ್ಕೆ ಬೀಜ ಬಿತ್ತಿದಂತೆ. ಬೆಳೆ ಕಳೆದ ಮೇಲೆ ಶೇ. 0.3 ಸುಣ್ಣದ ನೀರಿನಲ್ಲಿ ಶೇ. 2 ಬ್ಲೀಚಿಂಗ್ ಪುಡಿ ಕಲಸಿ ಗೋಡೆ, ನೆಲ, ಸ್ಟ್ಯಾಂಡುಗಳೆಲ್ಲ ತೊಯ್ಯುವಂತೆ ಸಿಂಪಡಿಸಬೇಕು. ಹೆಚ್ಚಿನ ವಿವರಗಳಿಗೆ ಹಿಂದೂಪುರದ ಬಳಿ ಕಿರಿಕೆರೆಯಲ್ಲಿರುವ ರಾಜ್ಯ ರೇಷ್ಮೆ ಸಂಶೋಧನಾ ಸಂಸ್ಥೆ ದೂರವೇನಿಲ್ಲ.

ಇನ್ನು ಮನುಷ್ಯರ ಆರೋಗ್ಯ. ವಾಸದ ಮನೆಯ ಒಂದು ಪಾಲನ್ನೇ ಹುಳುಮನೆ ಮಾಡಿಕೊಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಹುಳುವಿಗೆಂದು ಹಸಿ ಮಾಡಿದ ಕೋಣೆಯ ಪಕ್ಕದಲ್ಲೇ ಮಗು ಮಲಗುತ್ತದೆ. ಹಸಿಗೋಡೆಯ ಬೂಷ್ಟು, ಹಿಕ್ಕೆಯ ದೂಳು, ಗೂಡಿನ ನವಿರು ಇವೆಲ್ಲ ಕೆಲವರಿಗೆ ಉಬ್ಬಸ ತರುತ್ತವೆ. ರೇಷ್ಮೆ ಕೆಲಸಗಾರರಲ್ಲಿ ಇದು ವೈದ್ಯರಿಗೆ ಚೆನ್ನಾಗಿ ತಿಳಿದ ಕಾಯಿಲೆ. ಹುಳುಮನೆಯಲ್ಲಿ ಕೆಮ್ಮಿ, ಹೊಲಕ್ಕೆ ಹೋದಾಗ ಕೆಮ್ಮು ನಿಂತರೆ "ಚಳಿಗಾಲದ ನೆಗಡಿ" ಎಂದು ತಳ್ಳಿಹಾಕದೆ ವೈದ್ಯರಿಗೆ ಹುಳು ಸಾಕುವ ವಿಷಯವನ್ನೂ ಹೇಳಿರಿ. ಹಿಕ್ಕೆ ತೆಗೆಯುವಾಗ ಮೂಗು ಬಾಯಿಗೆ ಬಟ್ಟೆ ಇರಲಿ. ಫಾರ್ಮಲಿನ್ ಹೊಡೆಯುವವರಂತೂ ಮಾಸ್ಕ್, ಕನ್ನಡಕ ಇಲ್ಲದೆ ಒಳಗೆ ಹೋಗಲೇಬಾರದು. ಗರ್ಭಿಣಿಯರು, ಮಕ್ಕಳು ಹತ್ತಿರ ಸುಳಿಯಬಾರದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಡಿಸೆಂಬರ್–ಜನವರಿಯದು. ರಾತ್ರಿ ಶಾಖ ಇಳಿದಾಗ ಇದ್ದಿಲ ಕುಂಪಟಿಯನ್ನು ಹುಳುಮನೆಯಲ್ಲಿಟ್ಟು ಬಾಗಿಲು ಹಾಕಿ, ಕಾವಲಿಗೆಂದು ಒಬ್ಬರು ಅಲ್ಲೇ ಮಲಗುವುದುಂಟು. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದು, ಮಲಗಿದವರು ಏಳುವುದಿಲ್ಲ. ಹೊಗೆ ಕಾಣದಿದ್ದರೆ ಅಪಾಯವಿಲ್ಲ ಎಂಬ ನಂಬಿಕೆ ತಪ್ಪು. ಕುಂಪಟಿಯನ್ನು ಹೊರಗೆ ಕೆಂಡ ಮಾಡಿ ತಂದರೂ ಅಪಾಯ ಹೋಗುವುದಿಲ್ಲ. ವಿದ್ಯುತ್ ಹೀಟರ್ ಇದ್ದರೆ ಅದನ್ನೇ ಇಡಿರಿ, ಪಕ್ಕದಲ್ಲಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿರಲಿ. ಕುಂಪಟಿಯಲ್ಲದೆ ಗತಿಯಿಲ್ಲವಾದರೆ ಗವಾಕ್ಷಿಗಳನ್ನು ತೆರೆದಿಡಿ, ಯಾರೂ ಒಳಗೆ ಮಲಗಬೇಡಿರಿ. ಹುಳುವನ್ನು ನೋಡಲು ಎರಡು ಗಂಟೆಗೊಮ್ಮೆ ಎದ್ದು ಹೋಗಿ ಬಂದರಾಯಿತು.

ನಾವು ಹೇಳಿದ ಕುಟುಂಬ ಈ ವರ್ಷ ನೂರು ಮೊಟ್ಟೆಗೆ ಇಳಿದು ಮತ್ತೆ ಸಾಕಣೆ ಆರಂಭಿಸಿದೆ. ಗೋಡೆಗೆ ಥರ್ಮಾಮೀಟರ್ ಬಂದಿದೆ; ಐ.ಟಿ.ಐ.ಗೆ ಸೇರಿದ ಮಗನೇ ದಿನಕ್ಕೆ ನಾಲ್ಕು ಸಲ ಎರಡು ಅಂಕಿಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಾನೆ. ನಾವು ಹೋದಾಗ ಆ ತಾಯಿ ಅದನ್ನು ತೋರಿಸಿ, "ಈಗ ನಿಮ್ಮನ್ನು ಕೇಳುವುದಿಲ್ಲ ಸ್ವಾಮೀ, ಇದನ್ನು ಕೇಳುತ್ತೇವೆ" ಎಂದು ನಕ್ಕರು. ಮಗಳು ಇನ್ನೊಂದು ಗಾಳಿ ಗಿಡ ತಂದಿದ್ದಾಳೆ. ಅದು ಜಗಲಿಯ ಪೂರ್ವದ ಮೂಲೆಯಲ್ಲಿ, ನೀರಿನ ಮಡಕೆಗಳ ಮೇಲುಗಡೆ ತೂಗುತ್ತಿದೆ. ಭಾನುವಾರ ಬಲಿಪೂಜೆಗೆ ಹೊರಡುವ ಮೊದಲು ನೀರಲ್ಲಿ ಮುಳುಗಿಸಿ, ಬಂದ ಮೇಲೆ ಕೊಡವಿ ಹಾಕುತ್ತಾರೆ. ಅರ್ಧ ಗಂಟೆ ಸಾಕು, ನಮ್ಮ ಪ್ರಬೋಧನೆ ಅದಕ್ಕಿಂತ ಉದ್ದವೆಂದು ಹೇಳಿದ್ದೇವೆ.

ಧರ್ಮಕೇಂದ್ರದ ಕಚೇರಿಯಲ್ಲಿ ಎರಡು ಜೋಡಿ ಥರ್ಮಾಮೀಟರುಗಳನ್ನು ತರಿಸಿಟ್ಟಿದ್ದೇವೆ. ಹುಳು ತರುವ ಮುನ್ನಾದಿನ ಬಂದು ಪುಸ್ತಕದಲ್ಲಿ ಹೆಸರು ಬರೆಸಿ ಒಯ್ಯಬಹುದು, ಗೂಡು ಬಿಡಿಸಿದ ಮೇಲೆ ಹಿಂದಿರುಗಿಸಬೇಕು. ಬತ್ತಿಯ ಬಟ್ಟೆ ಮತ್ತು ಒಂದು ಸೀಸೆ ಮಳೆನೀರು ಜೊತೆಗಿವೆ.